ಉಪ್ಪುನೀರಿಗೆ ಬಿದ್ದ ಮರದ ಮೀನು

ಉಪ್ಪಳದ ಮದುವೆ ಹಾಲ್‌ನಲ್ಲಿ ಊಟ ಮುಗಿಸಿ ಹಿಂಬದಿಗೆ ಕೈ ತೊಳೆಯಲು ಹೋದಾಗ ಪಡುವಣ ಗಾಳಿ ಬೀಸಿತು. ಒಣಗಲು ಹಾಕಿದ ಮೀನು, ಬಿಸಿಲಿಗೆ ಕಾದ ಬಲೆ, ಕಲ್ಲಿನ ಸಂದಿಯಲ್ಲಿ ಕೊಳೆತ ಪಾಚಿ, ಎಲ್ಲ ಸೇರಿದ ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನನ್ನ ಬಲಗೈಯ ಅಂಗೈ ಚುಳ್ಳೆಂದಿತು. ಉಪ್ಪಳ ಬಿಟ್ಟು ಹತ್ತು ವರ್ಷದ ಮೇಲಾಯಿತು. ಅಂಗೈಯ ಗಾಯ ಯಾವಾಗಲೋ ಮಾಗಿದೆ. ಈ ಊರಿನ ಕಡಲಿನ ಮೇಲಿನ ಸಿಟ್ಟು ಮಾತ್ರ ಮಾಗಿಲ್ಲ ನೋಡಿ. ಕಡಲು ಎಂದರೆ ಅಮ್ಮ, ಕಡಲು ಎಂದರೆ ಶಾಂತಿ ಎಂದೆಲ್ಲ ಹೇಳುವವರು ಉಂಟಲ್ಲ, ಅವರನ್ನು ಒಂದು ಮಳೆಗಾಲ ಕಳೆದ ಮೇಲೆ ಹೊಳೆ ಕಡಲು ಸೇರುವ ಆ ಅಳಿವೆಬಾಗಿಲಿನ ಕಲ್ಲಿನ ಮೇಲೆ ನಿಲ್ಲಿಸಬೇಕು.

ಎರಡು ಸಾವಿರದ ಎಂಟನೇ ಇಸವಿ ಇರಬೇಕು. ನಾನು ಸರಕಾರಿ ನರ್ಸು, ದೇಲಂಪಾಡಿಯ ಕಾಡಂಚಿನ ಮನೆಗಳಿಗೆ ನಡೆದು ಹೋಗಿ ಮಕ್ಕಳಿಗೆ ಚುಚ್ಚುಮದ್ದು ಕೊಡುತ್ತಾ ಸುಖವಾಗಿದ್ದೆ. ಆ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಅಪ್ಪ ತೀರಿಹೋದ. ಅವನ ಉತ್ತರಕ್ರಿಯೆಯ ಕೆಲಸಗಳೆಲ್ಲ ಮುಗಿಯುವುದರೊಳಗೆ ನನಗೆ ಕಡಲ ಬದಿಯ ಉಪ್ಪಳದ ಹತ್ತಿರ ಮಂಗಲ್ಪಾಡಿಗೆ ಟ್ರಾನ್ಸ್‌ಫರ್ ಆಯಿತು. ಯಾಕೆ, ಎಂತ ಎಂದು ಕೇಳಿದರೆ ಆರ್ಡರ್ ಬಂದಿದೆ ಎಂದರು. ಗಂಡನಿಗೆ ರಬ್ಬರ್ ಟ್ಯಾಪಿಂಗ್ ಬಿಟ್ಟು ಬರುವ ಹಾಗಿಲ್ಲ, ಮಕ್ಕಳಿಗೆ ಅಲ್ಲೇ ಶಾಲೆ. ಹಾಗೆ ಒಂದು ಚೀಲ ಬಟ್ಟೆ, ಒಂದು ಸ್ಟವ್, ಅಪ್ಪನ ಮೀನು ಹಿಡಿಯುವ ರಾಡು, ಇಷ್ಟು ಹಿಡಿದುಕೊಂಡು ಬಸ್ಸು ಬದಲಾಯಿಸಿ ಬದಲಾಯಿಸಿ ಉಪ್ಪಳದಲ್ಲಿ ಬಂದಿಳಿದೆ. ಇಳಿದ ಗಳಿಗೆಯಿಂದಲೇ ನನಗೆ ಆ ಊರಿನ ಮೇಲೆ ಕೋಪ. ಊರು ಎಂತ ಮಾಡಿತ್ತು ಎಂದು ಕೇಳಬೇಡಿ. ಕೋಪ ಬರಲಿಕ್ಕೆ ಯಾರಾದರೂ ಬೇಕಿತ್ತು, ಊರು ಎದುರಿಗೆ ಇತ್ತು.

ರಾಡಿನ ವಿಷಯ ಹೇಳಬೇಕು. ಅಪ್ಪ ಹರೆಯದಲ್ಲಿ ಕೊಡಗಿನ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ಅಲ್ಲಿನ ಧಣಿಗಳು ಹೊಳೆಗೆ ಮರದ ಮೀನು ಎಸೆದು ನಿಜವಾದ ಮೀನು ಹಿಡಿಯುವುದನ್ನು ನೋಡಿ ಕಲಿತ. ಊರಿಗೆ ಬಂದ ಮೇಲೆ ಹಾಲೆಮರದ ಹಗುರ ತುಂಡನ್ನು ಕೆತ್ತಿ, ಉಜ್ಜಿ, ಹೊಟ್ಟೆಗೆ ಸೀಸ ಕೂರಿಸಿ, ಬಾಗಿಲಿಗೆ ಹಚ್ಚಿ ಉಳಿದ ಪೈಂಟ್ ಬಳಿದು ತಾನೇ ಮೀನು ಮಾಡುತ್ತಿದ್ದ. ಹೊಟ್ಟೆಯಡಿಗೆ ಒಂದು, ಬಾಲಕ್ಕೆ ಒಂದು ಗಾಳ. ಪಯಸ್ವಿನಿ ಹೊಳೆಯ ಗುಂಡಿಗಳಿಗೆ ಅದನ್ನು ಎಸೆದು ಓಲಾಡಿಸುತ್ತಾ ಎಳೆದರೆ ವರಾಲು ಮೀನು ಸಿಟ್ಟು ಬಂದು ಕಚ್ಚುತ್ತಿತ್ತು. ನನಗೆ ಅಣ್ಣ ತಮ್ಮ ಇಲ್ಲ. ಚಿಕ್ಕಂದಿನಿಂದ ಅವನ ಹಿಂದೆ ಹೋದವಳು ನಾನೇ. ಬೇರಿಗೆ ಸಿಕ್ಕಿಯೋ ದೊಡ್ಡ ಮೀನು ಹರಿದುಕೊಂಡು ಹೋಗಿಯೋ ಮರದ ಮೀನು ಕಳೆದರೆ ಅಳುಮುಖ ಮಾಡುತ್ತಿದ್ದೆ. ಅಪ್ಪ, "ಹೋದದ್ದು ಹೋಯ್ತು ಮಗಾ, ಇನ್ನೊಂದು ಮಾಡುವ" ಎನ್ನುತ್ತಿದ್ದ. ಮಾಡುತ್ತಲೂ ಇದ್ದ.

ಅವನು ಹೋದ ಮೇಲೆ ಪೆಟ್ಟಿಗೆ ತೆರೆದು ನೋಡಿದರೆ ಒಂದೇ ಒಂದು ಉಳಿದಿತ್ತು. ಹಸಿರು ಬೆನ್ನು, ಕೆಂಪು ಕಣ್ಣು, ಮೈತುಂಬ ವರಾಲಿನ ಹಲ್ಲಿನ ಗೀರು. ಬುದ್ಧಿ ಇದ್ದವರು ಅದನ್ನು ಕಪಾಟಿನಲ್ಲಿ ಇಡುತ್ತಿದ್ದರು. ನಾನು ತೆಗೆದುಕೊಂಡು ಹೋದೆ. ನೀರಿಗೆ ಹಾಕದ ಮೀನು ಅಪ್ಪನ ಮೀನೇ ಅಲ್ಲ ಎಂದು ನನಗೆ ಹಟ.

ಬಾಡಿಗೆ ಮನೆ ಸಿಕ್ಕಿದ್ದು ಅಳಿವೆಯ ಹತ್ತಿರ, ಆಯಿಸುಮ್ಮನ ಹಿತ್ತಲಲ್ಲಿ. ಆಯಿಸುಮ್ಮನ ಮಗ ದುಬೈಯಲ್ಲಿ, ಸೊಸೆಯೂ ಅಲ್ಲೇ. ದೊಡ್ಡ ತಾರಸಿ ಮನೆಯಲ್ಲಿ ಮುದುಕಿ ಬಾವಿ ಕಾಯುತ್ತಾ ಇದ್ದಳು. ಬಾವಿ ಕಾಯುವುದು ಎಂದರೆ ನಿಜವಾಗಿ ಕಾಯುವುದು. ಕಡಲ ಬದಿಯಲ್ಲಿ ಸಿಹಿನೀರಿನ ಬಾವಿ ಚಿನ್ನ ಇದ್ದ ಹಾಗೆ, ಮಳೆ ಬಿಟ್ಟ ಸ್ವಲ್ಪ ಸಮಯಕ್ಕೇ ಹೆಚ್ಚಿನ ಬಾವಿಗಳಲ್ಲಿ ಉಪ್ಪು ಏರುತ್ತದೆ. ಉಪ್ಪುನೀರಿನ ಗುಣ ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ರಾಡಿನ ದಾರ ಸುತ್ತುವ ರೀಲನ್ನು ಹೊಳೆಯಲ್ಲೇ ಅದ್ದಿ ತೆಗೆದರೆ ಆಯಿತು. ಇಲ್ಲಿ ಮೊದಲ ವಾರ ಹಾಗೇ ಕಡಲಿನಲ್ಲಿ ಅದ್ದಿ ತಂದು ಮೂಲೆಗಿಟ್ಟೆ. ಆಮೇಲೆ ತಿರುಗಿಸಲು ಹೋದರೆ ಕರ್‍ರೋ ಎನ್ನುತ್ತದೆ, ಒಳಗೆಲ್ಲ ತುಕ್ಕು. ಅಪ್ಪ ಇಪ್ಪತ್ತು ವರ್ಷ ಬಳಸಿದ ರೀಲನ್ನು ಈ ಹಾಳು ನೀರು ಒಂದೇ ವಾರದಲ್ಲಿ ತಿಂದುಹಾಕಿತ್ತು. ಸೀಮೆಎಣ್ಣೆ ಬಿಟ್ಟು ಸರಿ ಮಾಡಿ, ಅಂದಿನಿಂದ ದಿನಾ ಬಾವಿಯ ಒಂದು ಕೊಡ ನೀರಿನಲ್ಲಿ ತೊಳೆಯತೊಡಗಿದೆ. ಆಯಿಸುಮ್ಮ ಮೆಟ್ಟಿಲ ಮೇಲೆ ಕೂತು ಕೊಡದ ಲೆಕ್ಕ ಹಾಕುತ್ತಿದ್ದಳು, ಮಲಯಾಳದಲ್ಲಿ ಮಗಳೇ ಎಂದು ಕರೆದೇ ಬೈಯುತ್ತಿದ್ದಳು.

"ಕುಡಿಯುವ ನೀರಲ್ಲಿ ಮೆಶೀನು ತೊಳಿಯುದಾ ಮೋಳೇ? ಬಾಡಿಗೆ ಮನೆಗೆ, ಬಾವಿಗೆ ಅಲ್ಲ."

"ಹಾಗಾದ್ರೆ ಮನೆಯಲ್ಲಿ ನೀರು ಬರ್ತದೆ ಅಂತ ಯಾಕೆ ಹೇಳಿದ್ದು ನೀವು?" ಎಂದು ನಾನೂ ಬಿಡುತ್ತಿರಲಿಲ್ಲ. ಅಲ್ಲಿದ್ದಷ್ಟು ದಿನ ನಮ್ಮ ನಡುವೆ ಇದೇ ಮಾತು.

ಆದರೆ ಆಯಿಸುಮ್ಮ ಏನೂ ಅಲ್ಲ. ಬಾಬಣ್ಣನ ಎದುರು ಅವಳು ದೇವತೆ.

ಕಡಲು ಮಣ್ಣು ತಿನ್ನದಿರಲಿ ಎಂದು ದಂಡೆಯುದ್ದಕ್ಕೂ ಕಪ್ಪು ಕಲ್ಲು ಪೇರಿಸಿದ್ದರು. ಆ ಕಲ್ಲಿನ ಸಾಲು ಅಳಿವೆಯ ಹತ್ತಿರ ನಿಲ್ಲುತ್ತಿತ್ತು. ಅಲ್ಲಿ ನಿಂತರೆ ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಮರಳದಂಡೆ. ಮರಳದಂಡೆಯಲ್ಲಿ ಬಾಬಣ್ಣನ ಕೈರಂಪಣಿ. ದೋಣಿಯಲ್ಲಿ ಉದ್ದನೆಯ ಬಲೆ ಕೊಂಡುಹೋಗಿ ಕಡಲಿನಲ್ಲಿ ಅರ್ಧ ಸುತ್ತು ಇಳಿಸಿ, ಎರಡು ತುದಿಯ ಹಗ್ಗಗಳನ್ನು ದಡದಿಂದ ಜನ ಎಳೆಯುವುದು. ಬಾಬಣ್ಣ ಬಲೆಯ ಯಜಮಾನ. ಐವತ್ತು ದಾಟಿದ ಒಣಕಲು ಮನುಷ್ಯ, ಸ್ವರ ಮಾತ್ರ ರೈಲಿನ ಹಾರ್ನು.

ಮೊದಲ ದಿನ ನಾನು ಕಲ್ಲು ಹತ್ತಿ ನಿಂತು, ಮರದ ಮೀನನ್ನು ಕೈಗೆ ತೆಗೆದುಕೊಂಡು, ಅದರ ಮೇಲೆ ಥೂ ಎಂದು ಉಗುಳಿ ಎಸೆದೆ. ಹೊಳೆಯಲ್ಲಿ ಗಾಳ ಹಾಕುವವರೆಲ್ಲ ಹಾಗೇ ಮಾಡುವುದು. ಎರೆಹುಳ ಆಗಲಿ, ಮರದ್ದಾಗಲಿ, ಉಗುಳಿ ಹಾಕಿದರೆ ಮೀನು ಕಚ್ಚುತ್ತದೆ. ಅಪ್ಪ ಉಗುಳುತ್ತಿದ್ದ, ನಾನೂ ಉಗುಳಿದೆ. ಹಿಂದಿನಿಂದ ಗುಡುಗಿತು.

"ಏಯ್! ಕಡಲಿಗೆ ಉಗಿಯುದಾ ನೀವು?"

"ಕಡಲಿಗಲ್ಲ, ಗಾಳಕ್ಕೆ."

"ಗಾಳ ಎಲ್ಲಿಗೆ ಹೋಯ್ತು? ಅಂಗಡಿಗಾ? ನಾವು ಕಾಲು ಹಾಕುವ ಮೊದಲು ಮುಟ್ಟಿ ನಮಸ್ಕಾರ ಮಾಡುವ ನೀರು ಇದು. ಬೆಳಿಗ್ಗೆ ಬೆಳಿಗ್ಗೆ ಬಂದು ಮುಖಕ್ಕೆ ಉಗೀತಾಳಂತೆ! ಯಾರು ಮಾರಾಯ್ರೆ ಇವಳು?"

"ಹೊಸ ನರ್ಸಮ್ಮ" ಎಂದ ಯಾರೋ.

"ನರ್ಸಮ್ಮ ಆದ್ರೆ ಸೂಜಿ ಚುಚ್ಚಲಿ. ಗಾಳ ಯಾಕೆ?"

ತಪ್ಪಾಯಿತು, ತಿಳಿಯಲಿಲ್ಲ ಎನ್ನಬಹುದಿತ್ತು. ನನ್ನ ಬಾಯಿಗೆ ಅದು ಬರುವುದೇ ಇಲ್ಲ. "ಕಡಲು ನಿಮ್ಮ ಹೆಸರಿನಲ್ಲಿ ಉಂಟಾ?" ಎಂದುಬಿಟ್ಟೆ. ಮುಗಿಯಿತು. ಅಂದಿನಿಂದ ನಾನು ಕಲ್ಲು ಹತ್ತಿದರೆ ಸಾಕು, ದಂಡೆಯಿಂದ ಒಂದು ಮಾತು ಹಾರಿಬರುತ್ತಿತ್ತು. ನಿಮ್ಮ ಗಾಳ ನಮ್ಮ ಬಲೆಗೆ ಸಿಕ್ಕಿದರೆ ಎಳೆಯುವವರ ಕೈ ಸೀಳ್ತದೆ ಗೊತ್ತುಂಟಾ, ಹೆಂಗಸರು ಮೀನು ಮಾರಲಿ ಯಾರು ಬೇಡ ಹೇಳಿದ್ದು, ಹೀಗೆ. ಗಾಳದ ಮಾತು ನ್ಯಾಯವೇ. ನ್ಯಾಯದ ಮಾತನ್ನು ಅಷ್ಟು ಕೆಟ್ಟದಾಗಿ ಹೇಳುವವರನ್ನು ನಾನು ಬೇರೆ ನೋಡಿಲ್ಲ. ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದೆ. ಆ ಕಲ್ಲಿನ ಮೇಲೆ ನಿಂತು ಅಪ್ಪನ ಮೀನಿಗೇ ಒಂದು ದೊಡ್ಡ ಕಾಳಾಂಜಿ ಹಿಡಿದು ಆ ಮನುಷ್ಯನ ಕಣ್ಣೆದುರಿನಿಂದ ಹೊತ್ತುಕೊಂಡು ಹೋಗದೆ ಈ ಊರು ಬಿಡುವುದಿಲ್ಲ ಎಂದು ನಿಶ್ಚಯ ಮಾಡಿದೆ. ಕಾಳಾಂಜಿ ಎಂದರೆ ಅಳಿವೆಯ ರಾಜ. ಅಗಲ ಬಾಯಿ, ಬೆಳ್ಳಿ ಮೈ, ಹೋಟೆಲಿನವರು ಮುಗಿಬೀಳುವ ಮೀನು.

ಕಾಳಾಂಜಿ ಬಿಡಿ, ತಿಂಗಳುಗಟ್ಟಲೆ ತೆಂಗಿನ ಬುಡಕ್ಕೆ ಹಾಕುವ ಒಂದು ಗೊಬ್ಬರದ ಮೀನೂ ಬೀಳಲಿಲ್ಲ. ಹೊಳೆಯಲ್ಲಿ ಬೆಳಿಗ್ಗೆ, ಸಂಜೆ ಹೋದರೆ ಮೀನು ಸಿಗುತ್ತದೆ. ಇಲ್ಲಿ ಬೆಳಿಗ್ಗೆ ಹೋದರೆ ನಿನ್ನೆ ನಿಂತಿದ್ದ ಕಲ್ಲೇ ನೀರಿನಡಿ. ಮರುದಿನ ಹೋದರೆ ನೀರು ಅಷ್ಟು ದೂರ, ಕೆಸರು ನೋಡುತ್ತಾ ನಿಲ್ಲಬೇಕು. ನಮ್ಮ ಹೊಳೆ ಏರಿದರೆ ಘಟ್ಟದಲ್ಲಿ ಮಳೆ ಎಂದು ಅರ್ಥ, ಒಂದು ಕಾರಣ ಉಂಟು. ಇದು ಮಳೆ ಇಲ್ಲ ಬಿಸಿಲು ಇಲ್ಲ, ತನ್ನಷ್ಟಕ್ಕೆ ಏರುವುದು, ತನ್ನಷ್ಟಕ್ಕೆ ಇಳಿಯುವುದು. ಒಂದು ದಿನ ಏರುವ ನೀರು ಹಿಂದಿನಿಂದ ಬಂದು ನನ್ನ ಚಪ್ಪಲಿಯನ್ನೂ ಊಟದ ಡಬ್ಬಿಯನ್ನೂ ಕೊಂಡುಹೋಯಿತು. ಬರಿಗಾಲಿನಲ್ಲಿ ಡ್ಯೂಟಿಗೆ ಹೋದೆ.

ಮರದ ಮೀನಿಗೆ ರಜೆ ಕೊಟ್ಟು ಸಿಗಡಿ ಕಟ್ಟಿ ಹಾಕಿದ ದಿನ ಏನೋ ಎಳೆಯಿತು. ಮೇಲೆ ಬಂದರೆ ಮೀಸೆಯ ಮೀನು. ನನಗೆ ಹಿಗ್ಗು. ನಮ್ಮ ಹೊಳೆಯ ಮುಗುಡು ಮೀನಿನ ನೆಂಟನೇ ಇವನು ಎಂದುಕೊಂಡೆ. ಮುಗುಡನ್ನು ಹಿಡಿಯುವ ಕ್ರಮ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಎರಡು ಬದಿಯ ಮುಳ್ಳುಗಳ ಹಿಂದೆ ಬೆರಳು ಕೊಟ್ಟು ಬೆನ್ನ ಮೇಲಿನಿಂದ ಅಂಗೈ ಒತ್ತಿ ಹಿಡಿದರೆ ಅಲುಗಾಡುವುದಿಲ್ಲ. ಹಾಗೇ ಹಿಡಿದೆ. ಮುಗುಡಿಗೆ ಬೆನ್ನಲ್ಲಿ ಮುಳ್ಳಿಲ್ಲ. ಈ ಕಡಲಿನ ಮೀಸೆಮೀನು ತೇಡೆಗೆ ಉಂಟು, ಗರಗಸದ ಹಲ್ಲಿನದ್ದು. ಅದು ಅಂಗೈಯೊಳಗೆ ಹೊಕ್ಕಿತು.

ಅಯ್ಯೋ ದೇವರೇ, ಆ ಉರಿ! ಹೆರಿಗೆ ನೋವು ತಿಂದವಳು ನಾನು, ಆದರೂ ಅಲ್ಲೇ ಕಲ್ಲಿನ ಮೇಲೆ ಕೂತು ಬಾಯಿಗೆ ಬಂದ ಹಾಗೆ ಬೈದೆ, ಮೀನಿಗೂ ಕಡಲಿಗೂ ಟ್ರಾನ್ಸ್‌ಫರ್ ಮಾಡಿದವರಿಗೂ. ಭುಜದವರೆಗೆ ಸೆಳೆತ. ಮನೆಗೆ ಓಡಿ ಬಿಸಿನೀರಿನಲ್ಲಿ ಕೈ ಮುಳುಗಿಸಿದೆ. ಓಡುವಾಗ ದಂಡೆಯಲ್ಲಿ ಬಾಬಣ್ಣ ಸಿಕ್ಕಿದ. ಕೈ ನೋಡಿದ, ರಕ್ತ ನೋಡಿದ.

"ಉಗಿದದ್ದಕ್ಕೆ ಕಡಲು ಉತ್ತರ ಕೊಟ್ಟಿತಲ್ಲ" ಎಂದ. ಅಷ್ಟೇ. ಒಂದು ಅಯ್ಯೋ ಇಲ್ಲ.

ಕೈ ಸರಿಯಾಗುವವರೆಗೆ ರಾಡು ಹಿಡಿಯುವ ಹಾಗಿರಲಿಲ್ಲ. ಆ ದಿನಗಳಲ್ಲಿ ಕಲ್ಲಿನ ಮೇಲೆ ಸುಮ್ಮನೆ ಕೂತು ನೀರನ್ನು ನೋಡಿದೆ, ಶತ್ರುವನ್ನು ನೋಡುವ ಹಾಗೆ. ಕೂತು ಕೂತು ಒಂದು ಕಂಡಿತು. ನೀರು ಇಳಿಯಲು ಶುರುವಾದಾಗ ಹೊಳೆಯ ಮರಿಮೀನುಗಳು ಸೆಳೆತಕ್ಕೆ ಸಿಕ್ಕಿ ಕಲ್ಲಿನ ತುದಿಯನ್ನು ದಾಟಿ ಕಡಲಿಗೆ ಹೋಗುತ್ತವೆ. ಆ ತುದಿಯಲ್ಲಿ, ನೆರಳಿನಲ್ಲಿ, ಯಾರೋ ಬಾಗಿಲು ಹಾಕಿದ ಹಾಗೆ ಟಪ್ ಎಂದು ಸದ್ದಾಗುತ್ತದೆ. ಕಾಳಾಂಜಿ ಬಾಯಿ ಮುಚ್ಚುವ ಸದ್ದು.

ಕೈ ಮಾಗಿದ ಮೇಲಿನ ಮೊದಲ ರಜೆಯ ದಿನ ನೀರಿಳಿಯುವ ಹೊತ್ತಿಗೆ ಹೋದೆ. ಉಗುಳಲಿಲ್ಲ. ಬಾಬಣ್ಣನಿಗೆ ಹೆದರಿ ಅಲ್ಲ, ಬಾಯಿ ಒಣಗಿತ್ತು. ಮರದ ಮೀನನ್ನು ಮರಿಮೀನುಗಳ ದಾರಿಯಲ್ಲೇ ಬಿಟ್ಟು ಎಳೆದೆ. ಟಪ್. ರಾಡು ಬಿಲ್ಲಾಯಿತು. ನೀರು ಒಡೆದು ಬೆಳ್ಳಿಯ ಹಲಗೆಯಂತಹ ಮೀನು ಮೇಲೆ ಹಾರಿ ತಲೆ ಕೊಡವಿತು. ದಂಡೆಯಲ್ಲಿ ಹಗ್ಗ ಎಳೆಯುತ್ತಿದ್ದವರೂ ಬಾಯಿಬಿಟ್ಟು ನಿಂತರು. ನಾನು ಹೊಳೆಯಲ್ಲಿ ಮಾಡುವ ಹಾಗೇ ಮಾಡಿದೆ. ಓಡಲಿ, ಸುಸ್ತಾಗಲಿ ಎಂದು ದಾರ ಬಿಟ್ಟೆ. ಹೊಳೆಯಲ್ಲಿ ಕಲ್ಲು ನುಣುಪು. ಇಲ್ಲಿ ಕಲ್ಲಿನ ಮೈಯೆಲ್ಲ ಬ್ಲೇಡಿನಂತಹ ಚಿಪ್ಪು. ಮೀನು ಕಲ್ಲು ಸುತ್ತು ಹಾಕಿತು, ದಾರ ಒಮ್ಮೆ ಉಜ್ಜಿತು, ಕೈ ಹಗುರವಾಯಿತು.

ತುಂಡಾದ ದಾರ ಗಾಳಿಯಲ್ಲಿ ಹಾರುತ್ತಿತ್ತು. ಅಪ್ಪ ಸತ್ತ ದಿನ ಬಂದವರಿಗೆಲ್ಲ ಚಹಾ ಮಾಡಿ ಕೊಟ್ಟವಳು ನಾನು, ಕಣ್ಣಿನಿಂದ ಒಂದು ಹನಿ ಬಂದಿರಲಿಲ್ಲ. ಆ ಕಲ್ಲಿನ ಮೇಲೆ ಕೂತು ಎಲ್ಲರ ಎದುರು ಹೋ ಎಂದು ಅತ್ತೆ. ಇನ್ನೊಂದು ಮಾಡುವ ಎನ್ನುವವನು ಎಲ್ಲಿದ್ದಾನೆ?

ಬಾಬಣ್ಣ ಕೆಳಗಿನಿಂದ ಕೂಗಿದ. "ಹೋದದ್ದು ಹೋಯ್ತು. ಮನೆಗೆ ಹೋಗಿ ಸಿಸ್ಟರ್, ಇಲ್ಲಿ ಕೂತು ಅತ್ತರೆ ನಮಗೆ ಅಪಶಕುನ."

ಅಪ್ಪನ ಮಾತಿನ ಅರ್ಧ ಅವನ ಬಾಯಲ್ಲಿ ಬಂತಲ್ಲ ಎಂದು ನನಗೆ ಮತ್ತೂ ಉರಿಯಿತು.

ಆಮೇಲೆ ಪೇಟೆಯಿಂದ ಪ್ಲಾಸ್ಟಿಕ್ಕಿನ ಮೀನು ತಂದು ದಿನಾ ಹೋದೆ. ಹಟಕ್ಕೆ. ಆ ಮೀನು ಇಲ್ಲೇ ಎಲ್ಲೋ ಬಾಯಲ್ಲಿ ಅಪ್ಪನದ್ದನ್ನು ಇಟ್ಟುಕೊಂಡು ತಿರುಗುತ್ತಾ ಉಂಟು ಎಂಬ ಯೋಚನೆ ಡ್ಯೂಟಿಯಲ್ಲೂ ಬಿಡುತ್ತಿರಲಿಲ್ಲ. ಮಕ್ಕಳ ತೂಕ ನೋಡುವಾಗಲೂ ಅದೇ. ಸಿಗುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದರೆ ಎಂತ ಆಯಿತು?

ಹಾಗೆ ಎರಡು ಮೂರು ವಾರ ಹೋಗಿರಬೇಕು. ಒಂದು ಭಾನುವಾರ ಬಲೆಯವರಲ್ಲಿ ಅರ್ಧ ಜನ ಯಾವುದೋ ಮದುವೆಗೆ ಹೋಗಿದ್ದರು. ಆದರೂ ಬಾಬಣ್ಣ ಬಲೆ ಇಳಿಸಿದ್ದ. ಬಲೆಗೆ ಮೀನಿನ ಭಾರ ಬಿದ್ದಿತ್ತು, ಕಡಲಿನ ಸೆಳೆತವೂ ತಿರುಗಿತ್ತು. ಬಲೆ ನಿಧಾನಕ್ಕೆ ನನ್ನ ಕಲ್ಲಿನ ಕಡೆಗೆ ಜಾರುತ್ತಾ ಬಂತು. ಆ ಚಿಪ್ಪಿನ ಕಲ್ಲಿಗೆ ತಾಗಿದರೆ ಬಲೆ ಚಿಂದಿ. ಬಾಬಣ್ಣ ಮೀನು ಕೊಳ್ಳಲು ಬಂದ ಬೈಕಿನವರನ್ನೂ ಬಿಡದೆ ಎಲ್ಲರನ್ನೂ ಬೈದು ಹಗ್ಗಕ್ಕೆ ಹಚ್ಚಿದ. ಸಾಕಾಗಲಿಲ್ಲ. ಕಡೆಗೆ ನನ್ನ ಕಡೆ ತಿರುಗಿದ.

"ಏ ಸಿಸ್ಟರ್! ಕೈ ಉಂಟಲ್ಲ!"

ಬಲೆ ಹರಿಯಲಿ ಎಂದೇ ಮೊದಲು ಮನಸ್ಸಿಗೆ ಬಂದದ್ದು. ಸುಳ್ಳು ಯಾಕೆ ಹೇಳಲಿ? ಹರಿಯಲಿ, ಇವನೂ ಒಮ್ಮೆ ಕೂತು ಅಳಲಿ. ಆದರೆ ಮೀನು ತುಂಬಿದ ಬಲೆ ಕಣ್ಣೆದುರು ಹರಿಯುವುದನ್ನು ನೋಡುತ್ತಾ ನಿಲ್ಲಲಿಕ್ಕೆ ಮೀನು ಹಿಡಿದು ಬೆಳೆದವರಿಂದ ಆಗುವುದಿಲ್ಲ. ರಾಡು ಕಲ್ಲಿನ ಸಂದಿಗೆ ಸಿಕ್ಕಿಸಿ, ಇಳಿದು ಹೋಗಿ ಹಗ್ಗ ಹಿಡಿದೆ. ಹಗ್ಗ ಅಂಗೈ ಕೊಯ್ಯಿತು, ತೇಡೆಯ ಗಾಯ ಮತ್ತೆ ಬಿಚ್ಚಿಕೊಂಡಿತು. "ಎಳೀರಿ, ಊಟ ಮಾಡುದಿಲ್ವಾ ಮನೆಯಲ್ಲಿ!" ಎಂದು ಅವನು ನನಗೂ ಸೇರಿಸಿ ಬೈಯುತ್ತಲೇ ಇದ್ದ. ಬಲೆ ಕಲ್ಲಿಗೆ ತಾಗದೆ ಮರಳಿಗೆ ಬಂತು.

ಬಲೆಯ ಹೊಟ್ಟೆ ಬಿಚ್ಚಿದರೆ ಬೂತಾಯಿ, ಕಾಣೆ ಮೀನುಗಳ ರಾಶಿ, ನಡುವೆ ಒಂದು ಭಾರೀ ಕಾಳಾಂಜಿ. ಅದರ ದವಡೆಯ ಮೂಲೆಯಲ್ಲಿ ಹಸಿರು ಬೆನ್ನು, ಕೆಂಪು ಕಣ್ಣು.

"ಅದು ನನ್ನದು!" ಎಂದು ಕೂಗಿದ್ದು ನಾನೇ ಇರಬೇಕು.

ಬಾಬಣ್ಣ ನನಗೂ ಮೀನಿಗೂ ನಡುವೆ ನಿಂತ. "ಬಲೆಗೆ ಬಂದದ್ದು ಬಲೆಯದ್ದು. ಗಾಳ ಹಾಕಿದವರು ಬಿಟ್ಟರು, ಬಲೆ ಹಿಡಿಯಿತು."

"ಮೀನು ನೀವೇ ತಿನ್ನಿ. ಆ ಮರದ್ದು ಕೊಡಿ."

"ಮರ ಬರಲಿ, ಲಂಗರು ಬರಲಿ, ಬಲೆಯದ್ದೇ. ಹೋದ ವರ್ಷ ಹೊಸ ಹಗ್ಗ ಬಂತು. ಅದರ ಯಜಮಾನ ಬಂದು ಕೇಳಿದ, ಕೊಡ್ಲಿಲ್ಲ. ಅವ ನನ್ನ ಸ್ವಂತ ಭಾವ. ಕೇಳಿ ಬೇಕಾದ್ರೆ."

ಸುತ್ತ ನಿಂತವರು ಹೌದು ಹೌದು ಎಂದು ತಲೆ ಆಡಿಸಿದರು. ನನಗೆ ಆ ದಂಡೆಯ ಇನ್ನೊಂದು ಕ್ರಮ ನೆನಪಾಯಿತು. ಹಗ್ಗಕ್ಕೆ ಕೈ ಹಾಕಿದವರು ಯಾರೇ ಆಗಲಿ, ದಾರಿಹೋಕರಾದರೂ, ಪಾಲು ಕೊಡದೆ ಕಳಿಸುವ ಹಾಗಿಲ್ಲ. "ಹಗ್ಗ ಎಳೆದಿದ್ದೇನೆ, ಪಾಲು ಉಂಟಲ್ಲ ನನಗೆ? ಮೀನು ಬೇಡ, ನನ್ನ ಪಾಲಿಗೆ ಅದನ್ನೇ ಕೊಡಿ" ಎಂದೆ.

"ಪಾಲು ಅಂದ್ರೆ ಮೀನು" ಎಂದ ಬಾಬಣ್ಣ. "ನನ್ನ ಬಲೆ ಎಳೆದವಳು ಮರದ ತುಂಡು ಹಿಡ್ಕೊಂಡು ಮನೆಗೆ ಹೋದಳು ಅಂತ ಊರೆಲ್ಲ ಹೇಳ್ಬೇಕಾ?"

ಆಗ ನನ್ನ ಬಾಯಿಯ ಖಾರ ಎಲ್ಲ ಎಲ್ಲಿಗೆ ಹೋಯಿತೋ! "ಅಪ್ಪ ಮಾಡಿದ್ದು ಬಾಬಣ್ಣ. ಅಪ್ಪ ಈಗ ಇಲ್ಲ" ಎಂದೆ. ಅವನನ್ನು ಅಣ್ಣ ಸೇರಿಸಿ ಕರೆದದ್ದು ಅದೇ ಮೊದಲು.

ಅವನು ನನ್ನ ಮುಖ ನೋಡಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು ಚೂರಿಯಿಂದ ದವಡೆ ಬಿಡಿಸಿ, ತುಕ್ಕು ಹಿಡಿದ ಗಾಳಗಳನ್ನು ಒಂದೊಂದಾಗಿ ತಿರುವಿ ಮರದ ಮೀನನ್ನು ಹೊರಗೆ ತೆಗೆದ. ಮಗುಚಿ ನೋಡಿದ. ಹಲ್ಲಿನ ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಅದನ್ನು ಬಲೆಯಿಂದ ಆಚೆ, ಪಾಚಿ, ಒಡೆದ ಚಿಪ್ಪು, ಪ್ಲಾಸ್ಟಿಕ್ ಕೊಡವಿದ ರಾಶಿಯ ಕಡೆಗೆ ಬಿಸಾಡಿದ.

"ಕಸ" ಎಂದ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. "ಬಲೆಯಲ್ಲಿ ಕಸ ಬರ್ತದೆ. ಕಸಕ್ಕೆ ಯಜಮಾನ ಇಲ್ಲ, ಹೆಕ್ಕುವವರು ಹೆಕ್ಕಿ."

ನಾನು ಮರಳಿನಲ್ಲಿ ಮೊಣಕಾಲೂರಿ ಹೆಕ್ಕಿದೆ. ಎದ್ದು ನೋಡಿದರೆ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ನನ್ನ ಪಾಲಿನ ಬೂತಾಯಿ ಕಲ್ಲಿನ ಹತ್ತಿರ ಇತ್ತು, ಬಾಬಣ್ಣ ಬೈಕಿನವರ ಜೊತೆ ಕಾಳಾಂಜಿಯ ಏಲಂ ಕೂಗುತ್ತಿದ್ದ. ಬೂತಾಯಿಯಲ್ಲಿ ಅರ್ಧ ಆಯಿಸುಮ್ಮನಿಗೆ ಕೊಟ್ಟೆ. ತೆಗೆದುಕೊಂಡು, "ಇವತ್ತು ಮೆಶೀನು ತೊಳೀಲಿಕ್ಕೆ ಇಲ್ವಾ?" ಎಂದಳು.

ಆಮೇಲೆ ಬಾಬಣ್ಣನಿಗೂ ನನಗೂ ಸ್ನೇಹ ಆಯಿತು ಎಂದು ನೀವು ತಿಳಿದಿದ್ದರೆ ಇಲ್ಲ. ಮರುದಿನವೇ ಗಾಳ ದೂರ ಹಾಕಿ ಎಂದು ಬೈದ, ನಾನೂ ಬೈದೆ. ಅಪ್ಪನ ಕೈಯ ಕೆಲಸವನ್ನು ಊರೆದುರು ಕಸ ಎಂದವನನ್ನು ಹೇಗೆ ಬಿಡುವುದು? ಬೇಸಿಗೆಯಲ್ಲಿ ಬಾವಿಗೆ ಉಪ್ಪು ಬಂತು, ನನಗೆ ವಾಪಸು ಟ್ರಾನ್ಸ್‌ಫರ್ ಬಂತು. ಯಾರಿಗೂ ಹೇಳದೆ ಬಸ್ಸು ಹತ್ತಿದೆ.

ಇವತ್ತು ಮದುವೆ ಹಾಲ್‌ನಿಂದ ಹೊರಟವಳು ರೈಲ್ವೆ ಸ್ಟೇಶನ್ನಿಗೆ ಹೋಗಬೇಕಿತ್ತು. ಕಾಲು ಕಡಲಿನ ಕಡೆ ತಿರುಗಿತು. ನಾನು ನಿಲ್ಲುತ್ತಿದ್ದ ಕಲ್ಲನ್ನು ಕಡಲು ನುಂಗಿದೆ. ಅದರ ಬುದ್ಧಿಯೇ ಅಷ್ಟು. ತೆಂಗಿನ ನೆರಳಿನಲ್ಲಿ ಒಬ್ಬ ಮುದುಕ ಕಾಲಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹೊಲಿಯುತ್ತಾ ಕೂತಿದ್ದ. ಸೊರಗಿ ಕಡ್ಡಿಯಾಗಿದ್ದ, ಆದರೂ ಗುರುತು ಹತ್ತಿತು. ಎದುರು ಹೋಗಿ ನಿಂತೆ. ತಲೆಯೆತ್ತಿ ನನ್ನ ಕಾಂಜೀವರಂ ಸೀರೆಯನ್ನು ಮೇಲಿಂದ ಕೆಳಗೆ ನೋಡಿದ. ಕೂತುಕೊಳ್ಳಿ ಎನ್ನಲಿಲ್ಲ, ಹೇಗಿದ್ದೀರಿ ಎನ್ನಲಿಲ್ಲ.

"ಆ ಕಸ ಉಂಟಾ?" ಎಂದ.

"ಉಂಟು."

"ನೀರಿಗೆ ಹಾಕ್ತೀರಾ ಈಗಲೂ?"

"ಇಲ್ಲ. ಮನೆಯಲ್ಲಿ ಕಪಾಟಿನಲ್ಲಿ ಇಟ್ಟಿದ್ದೇನೆ."

"ಹ್ಞಾ, ಅಲ್ಲೇ ಇರ್ಲಿ" ಎಂದು ಮತ್ತೆ ಬಲೆಗೆ ಬಗ್ಗಿದ. ನಾನು ತಿರುಗಿ ನಾಲ್ಕು ಹೆಜ್ಜೆ ಹೋಗಿದ್ದೆ, ಹಿಂದಿನಿಂದ ಆ ಹಳೆಯ ಸ್ವರ ಬಂತು.

"ಇನ್ನೊಮ್ಮೆ ಬಲೆಗೆ ಬಂದ್ರೆ ನಾನು ಕೊಡುದಿಲ್ಲ!"